ಕ್ರಿಯಾಪದದ ಬೆನ್ನಿಗೆ ಬರುವ ಕಿರುಪದಗಳು

ಮನೆಯಲ್ಲಿ ಮಕ್ಕಳಿಗೆ ಇಂಗ್ಲಿಷು ಪಾಠವನ್ನು ಹೇಳಿಕೊಡುವ ತಂದೆತಾಯಿಗಳಿಗೆ ಕಷ್ಟವಾಗುವುದು ದೊಡ್ಡ ಶಬ್ದಗಳಿಂದಲ್ಲ. ದೊಡ್ಡ ಶಬ್ದಕ್ಕೆ ನಿಘಂಟು ಉಂಟು. ತೆರೆದು ನೋಡಿದರೆ ಅರ್ಥವು ಅಲ್ಲಿಯೇ ಇರುವುದು. ಅಪ್, ಡೌನ್, ಇನ್, ಔಟ್, ಓವರ್, ಬ್ಯಾಕ್, ಅವೇ ಎಂಬ ಬೆರಳುದ್ದದ ಪದಗಳೇ ನಮ್ಮನ್ನು ಹೆಚ್ಚಾಗಿ ಕಾಡತಕ್ಕವು. ಅದರಲ್ಲಿಯೂ ಇವು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡು, ಅಷ್ಟಕ್ಕೇ ನಿಲ್ಲದೆ, ಟು, ವಿತ್, ಫಾರ್, ಫ್ರಮ್ ಎಂಬ ಮತ್ತೊಂದು ಪದವನ್ನೂ ಅದರ ನಾಮಪದವನ್ನೂ ಹಿಂದೆ ಕರೆದುಕೊಂಡು ಬಂದಾಗ, ಓದಿ ಪಾಸಾದವರೂ ಒಂದು ಕ್ಷಣ ತಡೆಯುವರು.

ಈ ತೊಡಕನ್ನು ಅಲ್ಪವೆಂದು ಎಣಿಸುವಂತಿಲ್ಲ. ಸಭೆಯೊಂದರಲ್ಲಿ ಅಧ್ಯಕ್ಷರ ಮೇಲೆ ಆಕ್ಷೇಪಣೆ ಬಂದಿತೆಂದು ಇಟ್ಟುಕೊಳ್ಳೋಣ. ‘ವಿ ಸ್ಟುಡ್ ಅಪ್ ಫಾರ್ ಹಿಮ್’ ಎಂದು ಬರೆದರೆ ನಾವು ಅವರ ಪಕ್ಷವನ್ನು ವಹಿಸಿ ನಿಂತೆವೆಂದು ಅರ್ಥ. ‘ವಿ ಸ್ಟುಡ್ ಅಪ್ ಟು ಹಿಮ್’ ಎಂದರೆ ಅವರಿಗೆ ಅಂಜದೆ ಎದುರು ನಿಂತೆವೆಂದು ಅರ್ಥ. ಎರಡು ಅಕ್ಷರಗಳ ವ್ಯತ್ಯಾಸದಿಂದ ಮಿತ್ರನು ವಿರೋಧಿಯಾಗಿಬಿಡುವನು. ಹಾಗೆಯೇ ‘ಗಾಟ್ ಅವೇ ಫ್ರಮ್’ ಎಂದರೆ ತಪ್ಪಿಸಿಕೊಂಡನು. ‘ಗಾಟ್ ಅವೇ ವಿತ್’ ಎಂದರೆ ತಪ್ಪು ಮಾಡಿಯೂ ದಂಡನೆಯಿಲ್ಲದೆ ದಕ್ಕಿಸಿಕೊಂಡನು. ಇಂತಹ ಕಡೆ ಊಹೆಯಿಂದ ಬರೆಯುವುದು ಅಪಾಯ.

ಗಂಟನ್ನು ಬಿಡಿಸಲು ಮೊದಲು ತಿಳಿಯತಕ್ಕದ್ದು ಇಷ್ಟು: ಎರಡು ಕಿರುಪದಗಳಲ್ಲಿ ಮೊದಲನೆಯದು ಕ್ರಿಯಾಪದದ ಸೊತ್ತು, ಎರಡನೆಯದು ಮುಂದಿನ ನಾಮಪದದ ಸೊತ್ತು. ಶಾಲೆಯ ವ್ಯಾಕರಣದಲ್ಲಿ ಮೊದಲನೆಯದನ್ನು ಅಡ್ವರ್ಬ್ ಎಂದೂ ಎರಡನೆಯದನ್ನು ಪ್ರಿಪೊಸಿಷನ್ ಎಂದೂ ಕರೆಯುವರು. ಕಷ್ಟವೇನೆಂದರೆ ಒಂದೇ ಪದವು ಎರಡು ವೇಷಗಳನ್ನೂ ಧರಿಸಬಲ್ಲದು. ‘ಹಿ ರ‍್ಯಾನ್ ಅಪ್ ಎ ಹಿಲ್’ ಎಂದರೆ ಗುಡ್ಡವನ್ನು ಓಡಿ ಹತ್ತಿದನು. ಅಲ್ಲಿ ಅಪ್ ಎಂಬುದು ಗುಡ್ಡದ ಕಡೆಯದು. ‘ಹಿ ರ‍್ಯಾನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಸಾಲದ ಲೆಕ್ಕವನ್ನು ಬೆಳೆಸಿದನು. ಅಲ್ಲಿ ಅಪ್ ಎಂಬುದು ಓಟದ ಕಡೆಯದು. ಗುಡ್ಡಕ್ಕೂ ಬಿಲ್ಲಿಗೂ ಬದಲಾಗಿ ‘ಇಟ್’ ಎಂದು ಹಾಕಿ ನೋಡಿದರೆ ಗುಟ್ಟು ಹೊರಬೀಳುವುದು. ಗುಡ್ಡವಾದರೆ ‘ರ‍್ಯಾನ್ ಅಪ್ ಇಟ್’. ಸಾಲವಾದರೆ ‘ರ‍್ಯಾನ್ ಇಟ್ ಅಪ್’. ಕಿವಿಗೊಟ್ಟು ಕೇಳಿದರೆ ಇನ್ನೊಂದು ಗುರುತೂ ಸಿಕ್ಕುವುದು: ಕ್ರಿಯಾಪದದ ಕಡೆಯ ಕಿರುಪದವನ್ನು ಇಂಗ್ಲಿಷರು ಒತ್ತಿ ನುಡಿಯುವರು, ನಾಮಪದದ ಕಡೆಯದನ್ನು ಸಾಮಾನ್ಯವಾಗಿ ತೇಲಿಸಿಬಿಡುವರು.

ಸಂಸ್ಕೃತವನ್ನು ಬಲ್ಲ ವಾಚಕರಿಗೆ ಇದು ತೀರ ಹೊಸತಲ್ಲ. ಹೃ ಎಂಬ ಒಂದೇ ಧಾತುವಿಗೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳಾಗುವುದನ್ನು ನಾವೆಲ್ಲರೂ ಬಲ್ಲೆವು. ಅನು, ಪ್ರತಿ ಮೊದಲಾದ ಅದೇ ಪದಗಳು ಧಾತುವನ್ನು ಬಿಟ್ಟು ನಾಮಪದವನ್ನು ಹಿಡಿದಾಗ ಪಾಣಿನಿಯು ಅವಕ್ಕೆ ಕರ್ಮಪ್ರವಚನೀಯವೆಂದು ಬೇರೆ ಹೆಸರನ್ನೇ ಇಟ್ಟನು. ಸಂಸ್ಕೃತದಲ್ಲಿ ಧಾತುವಿನ ಮುಂದೆ ನಡೆಯುವ ಉಪಸರ್ಗವು ಇಂಗ್ಲಿಷಿನಲ್ಲಿ ಹಿಂದೆ ನಡೆಯುವುದೆಂದು ತಿಳಿದರೆ ಅರ್ಧ ಭಯ ಹೋಗುವುದು.

ಕನ್ನಡವೂ ಇಲ್ಲಿ ನಮ್ಮ ಕೈಬಿಡುವುದಿಲ್ಲ. ‘ಬೆಕ್ಕು ಮಂಚದ ಕೆಳಗಿನಿಂದ ಹೊರಕ್ಕೆ ಬಂದಿತು’ ಎನ್ನುವೆವಷ್ಟೆ. ಇಂಗ್ಲಿಷಿನವನು ‘ದಿ ಕ್ಯಾಟ್ ಕೇಮ್ ಔಟ್ ಫ್ರಮ್ ಅಂಡರ್ ದಿ ಬೆಡ್’ ಎನ್ನುವನು. ಬಂದಿತು, ಹೊರಕ್ಕೆ, ಇಂದ, ಕೆಳಗೆ, ಮಂಚ: ನಮ್ಮ ವಾಕ್ಯವನ್ನು ಕೊನೆಯಿಂದ ಹಿಂದಕ್ಕೆ ಓದಿದರೆ ಅವರ ವಾಕ್ಯವೇ ಆಗಿಬಿಡುವುದು! ಕನ್ನಡಿಯಲ್ಲಿ ಕಂಡ ಮುಖದಂತೆ ಅಂಗಗಳೆಲ್ಲ ಅವೇ, ಎಡಬಲ ಮಾತ್ರ ಬದಲು. ಮಗುವಿಗೆ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇಂತಹ ನಾಲ್ಕು ವಾಕ್ಯಗಳನ್ನು ತಿರುಗಿಸಿ ತೋರಿಸುವುದು ಮೇಲೆಂದು ನಮ್ಮ ಮತ.

ಇನ್ನು ‘ಅಪ್ ಟು ಲಂಡನ್’, ‘ಡೌನ್ ಇನ್ ದಿ ಕಂಟ್ರಿ’, ‘ಓವರ್ ಅಟ್ ಮೈ ಆಂಟ್ಸ್’ ಎಂಬ ಬಗೆಯವು. ಊರಿನ ಹೆಸರನ್ನು ಹೇಳಿದ ಮೇಲೆ ಮೇಲೆ ಕೆಳಗೆ ಎಂಬ ಮಾತು ಏಕೆ ಬೇಕೆಂದು ವಿದ್ಯಾರ್ಥಿಯು ಅದನ್ನು ಬಿಟ್ಟುಬಿಡುವನು. ಬಿಟ್ಟರೆ ತಪ್ಪಾಗದು, ಆದರೆ ಮಾತಿನ ಜೀವವೊಂದು ಹೋಗುವುದು. ಟು ಲಂಡನ್ ಎಂಬುದು ಸ್ಥಳವನ್ನು ಹೇಳುವುದು. ಅಪ್ ಎಂಬುದು ಹೇಳುವವನು ಆ ಸ್ಥಳವನ್ನು ಎಲ್ಲಿ ನಿಂತು ಹೇಗೆ ನೋಡುತ್ತಿರುವನೆಂಬುದನ್ನು ಹೇಳುವುದು. ಘಟ್ಟದ ಮೇಲಿನವರು ‘ಮಂಗಳೂರಿಗೆ ಇಳಿದುಹೋದರು’ ಎನ್ನುವುದಿಲ್ಲವೆ? ನಮ್ಮಲ್ಲಿ ಅದು ನಿಜವಾದ ಇಳಿಜಾರು. ಇಂಗ್ಲೆಂಡಿನಲ್ಲಿ ನೆಲದ ಏರುತಗ್ಗಿಗಿಂತ ಗೌರವದ ಏರುತಗ್ಗೇ ಹೆಚ್ಚು. ಅಲ್ಲಿಯ ರೈಲುದಾರಿಗಳಲ್ಲಿ ಲಂಡನ್ನಿನ ಕಡೆಗೆ ಹೋಗುವ ಗಾಡಿಯು ಸಾಮಾನ್ಯವಾಗಿ ಅಪ್, ಅಲ್ಲಿಂದ ಬರುವುದು ಡೌನ್. ಆದರೆ ಲಂಡನ್ನಿನ ಹುಡುಗನೇ ಆಕ್ಸ್‌ಫರ್ಡಿಗೆ ಓದಲು ಹೊರಟರೆ ‘ಅಪ್ ಟು ಆಕ್ಸ್‌ಫರ್ಡ್’ ಹೋಗುವನು. ದುರ್ನಡತೆಗಾಗಿ ವಿಶ್ವವಿದ್ಯಾಲಯದಿಂದ ಹೊರಹಾಕಿಸಿಕೊಂಡವನು ‘ಸೆಂಟ್ ಡೌನ್’ ಎನ್ನಿಸಿಕೊಳ್ಳುವನು.

ಇವು ಸುಲಭ. ಮೂರೂ ಪದಗಳು ಕರಗಿ ಒಂದೇ ಅರ್ಥವಾಗಿರುವ ಜೋಡಣೆಗಳೇ ಕಠಿಣ. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು. ‘ಡು ಅವೇ ವಿತ್’ ಎಂದರೆ ತೆಗೆದುಹಾಕುವುದು. ‘ಕೇಮ್ ಡೌನ್ ವಿತ್ ಫೀವರ್’ ಎಂದರೆ ಜ್ವರ ಬಂದು ಮಲಗಿದನು. ೧೭೫೫ರಲ್ಲಿ ಪ್ರಕಟವಾದ ತಮ್ಮ ನಿಘಂಟಿನ ಪೀಠಿಕೆಯಲ್ಲಿಯೇ ಡಾಕ್ಟರ್ ಜಾನ್ಸನ್ನರು, ಕ್ರಿಯಾಪದಕ್ಕೆ ಕಿರುಪದವನ್ನು ಸೇರಿಸಿ ಅರ್ಥವನ್ನು ಮಾರ್ಪಡಿಸುವ ಈ ಪದ್ಧತಿಯು ಪರದೇಶದವರಿಗೆ ಎಲ್ಲಕ್ಕಿಂತ ಹೆಚ್ಚಿನ ತೊಂದರೆಯನ್ನು ಕೊಡುವುದೆಂದು ಒಪ್ಪಿಕೊಂಡಿರುವರು. ಇವಕ್ಕೆ ಈಗ ಬಳಕೆಯಲ್ಲಿರುವ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಾಲ್ ಸ್ಮಿತ್ತರು ೧೯೨೫ರ ತಮ್ಮ ಗ್ರಂಥದಲ್ಲಿ ಬಳಸಿ, ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಾಗಿದ್ದ ಹೆನ್ರಿ ಬ್ರಾಡ್ಲಿಯವರೆಂದು ಹೇಳಿರುವರು. ಹೆಸರು ದೊರೆತ ಮಾತ್ರಕ್ಕೆ ಕಷ್ಟ ಕಡಿಮೆಯಾಗಲಿಲ್ಲವೆನ್ನಿ.

ನಮ್ಮ ದೇಶದಲ್ಲಿ ಹುಟ್ಟಿದ ಒಂದು ಕೂಸನ್ನೂ ಇಲ್ಲಿ ಹೇಳಬೇಕು: ‘ಕೋಪ್ ಅಪ್ ವಿತ್’. ಕೀಪ್ ಅಪ್ ವಿತ್, ಕ್ಯಾಚ್ ಅಪ್ ವಿತ್, ಪುಟ್ ಅಪ್ ವಿತ್ ಎಂಬ ನೆರೆಹೊರೆಯನ್ನು ನೋಡಿ ಕೋಪ್ ಎಂಬುದೂ ಒಂದು ಅಪ್ ಅನ್ನು ತಂದುಕೊಂಡಿತೆಂದು ತೋರುವುದು. ಶಿಷ್ಟ ಇಂಗ್ಲಿಷಿನಲ್ಲಿ ‘ಕೋಪ್ ವಿತ್’ ಎಂದಷ್ಟೇ ಇರತಕ್ಕದ್ದು. ಕಾಗದದ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುವುದೂ ನಮ್ಮಲ್ಲಿ ಬಹಳ. ಇಲ್ಲಿಯ ಟು ನಾಮಪದವನ್ನು ಬಯಸುವ ಟು. ಕ್ರಿಯಾಪದದ ಮೂಲರೂಪದ ಹಿಂದೆ ಬರುವ ಟು ಅಲ್ಲ. ಆದುದರಿಂದ ‘ಟು ಮೀಟಿಂಗ್ ಯು’ ಎಂದೇ ಆಗಬೇಕು. ಸಂದೇಹ ಬಂದಾಗ ‘ಟು ಯುವರ್ ಲೆಟರ್’ ಎಂದು ನಾಮಪದವನ್ನಿಟ್ಟು ನೋಡಿದರೆ ಸಾಕು. ಅದು ಸರಿಹೊಂದಿದರೆ ಮೀಟ್ ಎಂಬುದು ಹೊಂದಲಾರದು.

ಬರವಣಿಗೆಯಲ್ಲಿ ಇನ್ನೊಂದು ಎಚ್ಚರಿಕೆ. ಇನ್ ಮತ್ತು ಟು ಒಟ್ಟಿಗೆ ಬಂದಲ್ಲೆಲ್ಲ ಸೇರಿಸಿ ‘ಇನ್‌ಟು’ ಎಂದು ಬರೆಯಲಾಗದು. ಕಳ್ಳನು ತಾನಾಗಿ ಪೋಲೀಸರಿಗೆ ಒಪ್ಪಿಸಿಕೊಂಡನೆನ್ನಲು ‘ಟರ್ನ್‌ಡ್ ಹಿಮ್‌ಸೆಲ್ಫ್ ಇನ್’ ಎಂಬುದು ಒಂದು ಘಟಕ, ‘ಟು ದಿ ಪೋಲೀಸ್’ ಎಂಬುದು ಮತ್ತೊಂದು. ಎರಡನ್ನೂ ಕೂಡಿಸಿ ಬರೆದರೆ ಕಳ್ಳನು ಮಂತ್ರಬಲದಿಂದ ತಾನೇ ಪೋಲೀಸನಾಗಿ ಮಾರ್ಪಟ್ಟಂತಾಗುವುದು.

ಕೂಡಿದ ಪದಗಳ ನಡುವಿನ ಹೊಲಿಗೆಯು ಎಲ್ಲಿದೆಯೆಂಬುದಕ್ಕೆ ಒಂದು ಹಾಸ್ಯಪ್ರಸಂಗವೇ ಸಾಕ್ಷಿಯಾಗಿರುವುದು. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದೆಂದು ಹಠ ಹಿಡಿಯುವ ಪಂಡಿತರು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಉಂಟು. ಕವಿ ಡ್ರೈಡನ್ನರು ೧೬೭೨ರಲ್ಲಿಯೇ ಬೆನ್ ಜಾನ್ಸನ್ನರಲ್ಲಿ ಇದನ್ನು ದೋಷವೆಂದು ಎಣಿಸಿದ್ದರು. ಅಂಥವರನ್ನು ಅಣಕಿಸಲು ಯಾರೋ ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಎಂದು ಬರೆದರಂತೆ. ಇದು ಚರ್ಚಿಲ್ಲರ ಮಾತೆಂದು ಲೋಕಪ್ರಸಿದ್ಧಿ. ಅವರದೇ ಎಂಬುದಕ್ಕೆ ಗಟ್ಟಿಯಾದ ಆಧಾರವು ದೊರೆತಿಲ್ಲ. ಯಾರದಾದರೂ ಆಗಲಿ, ವಾಕ್ಯವು ನಗೆ ಬರಿಸುವುದಕ್ಕೆ ಕಾರಣವೇನು? ವಿತ್ ಎಂಬುದು ವಿಚ್ ಎಂಬುದರ ಸೊತ್ತು; ಅದನ್ನು ಮುಂದಕ್ಕೆ ಒಯ್ಯಬಹುದು. ಅಪ್ ಎಂಬುದಾದರೋ ಪುಟ್ ಎಂಬುದರ ಸೊತ್ತು. ಅದನ್ನು ಕಿತ್ತು ತಂದುದೇ ತಮಾಷೆ. ‘ವಿತ್ ವಿಚ್ ಐ ವಿಲ್ ನಾಟ್ ಪುಟ್ ಅಪ್’ ಎಂದಿದ್ದರೆ ಕೊಂಚ ಬಿಗಿಯಾಗಿ ಕೇಳಿಸುತ್ತಿತ್ತು, ಅಷ್ಟೆ, ಯಾರೂ ನಗುತ್ತಿರಲಿಲ್ಲ.