ಅತಿಥಿ ಶಿಕ್ಷಕರ ದುಡ್ಡು ತಿಂಗಳಿಗೆ ಸರಿಯಾಗಿ ಕೊಡಿ

ಶಿವಮೊಗ್ಗ, ಭದ್ರಾವತಿ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಕಾಯಂ ಮೇಷ್ಟ್ರು ಇಲ್ಲದ ಕಡೆ ಪಾಠ ನಡೆಯುವುದು ಅತಿಥಿ ಶಿಕ್ಷಕರಿಂದ. ಆಗಷ್ಟೇ ಡಿಗ್ರಿ, ಬಿ.ಇಡಿ ಮುಗಿಸಿದ ನಮ್ಮೂರ ಹುಡುಗ ಹುಡುಗಿಯರೂ ಇವರಲ್ಲಿದ್ದಾರೆ. ಎಂಪಿಎಂ ಬಾಗಿಲು ಹಾಕಿದೆ, ವಿಐಎಸ್‌ಎಲ್ ಕುಂಟುತ್ತಿದೆ. ಕುವೆಂಪು ವಿವಿಯಲ್ಲಿ ಓದಿದವರಿಗೆ ಊರಲ್ಲೇ ಸಿಗುವ ಕೆಲಸ ಇದು.

2025ರ ಬಜೆಟ್‌ನಲ್ಲಿ ಗೌರವಧನ 2,000 ರೂಪಾಯಿ ಏರಿ, ಪ್ರಾಥಮಿಕ ಶಾಲೆಗೆ ತಿಂಗಳಿಗೆ 12,000 ಆಯಿತು. ಅಂದರೆ ದಿನಕ್ಕೆ 400. ಆ ವರ್ಷ ನರೇಗಾ ಕೂಲಿ 370. ಕೂಲಿ ಕೀಳು ಅಂತಲ್ಲ, ಓದಿಗೆ ಸಿಕ್ಕ ಬೆಲೆ 30 ರೂಪಾಯಿ ಅಂತ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ದುಡಿದ ತಿಂಗಳ ದುಡ್ಡೂ ಸಮಯಕ್ಕೆ ಬರುವುದಿಲ್ಲ ಎಂಬುದು ಅವರ ಹಳೆಯ ದೂರು.

ಟೀಚ್ ಫಾರ್ ಇಂಡಿಯಾ ಸಂಸ್ಥೆ ದೊಡ್ಡ ನಗರಗಳಲ್ಲಿ ಹೊಸ ಪದವೀಧರರನ್ನು ಎರಡು ವರ್ಷಕ್ಕೆ ಆರಿಸಿ, ತರಬೇತಿ ಕೊಟ್ಟು ತರಗತಿಗೆ ಕಳಿಸುತ್ತದೆ. ನಮ್ಮಲ್ಲಿ ನೇಮಕ ಒಂದೇ ಶಾಲಾ ವರ್ಷಕ್ಕೆ. ನಡುವೆ ಬೇರೆ ಕೆಲಸ ಸಿಕ್ಕರೆ ಹೋಗುತ್ತಾರೆ. ಅವರನ್ನು ಬೈಯುವಂತಿಲ್ಲ. ಆದರೆ ಗಣಿತ ಅರ್ಧಕ್ಕೆ ನಿಲ್ಲುವುದು ನಮ್ಮ ಮಕ್ಕಳಿಗೆ.

2023ರಲ್ಲಿ ಸೊರಬದ ಮಧು ಬಂಗಾರಪ್ಪ ಶಾಲಾ ಶಿಕ್ಷಣ ಸಚಿವರಾದರು. ನಮ್ಮ ಜಿಲ್ಲೆಗೇ ಖಾತೆ ಬಂದ ಮೇಲೂ ಕೇಳದಿದ್ದರೆ ಇನ್ಯಾವಾಗ ಕೇಳುವುದು? ಪ್ರತಿ ತಿಂಗಳು ಖಾತೆಗೆ ದುಡ್ಡು ಬರಲಿ, ಶಾಲೆ ತೆರೆಯುವ ಮೊದಲು ತರಬೇತಿ ಸಿಗಲಿ, ಕಾಯಂ ನೇಮಕಾತಿಯಲ್ಲಿ ದುಡಿದ ವರ್ಷಗಳಿಗೆ ಅಂಕ ಇರಲಿ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಒಂದು ಮಾತು ಕೇಳಿ: ನಮ್ಮ ಶಾಲೆಯ ಅತಿಥಿ ಮೇಷ್ಟ್ರಿಗೆ ಯಾವ ತಿಂಗಳವರೆಗೆ ದುಡ್ಡು ಬಂದಿದೆ?