ಒಂದು ಸಲ ಅವಕಾಶ ಕೊಟ್ಟಾಯಿತಲ್ಲ!

ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ ಊರಿಗೆಲ್ಲ ಗೊತ್ತಾಗುತ್ತದೆ. ವಿದೇಶದ ವಿಶ್ವವಿದ್ಯಾಲಯ ಮಗಳ ಅರ್ಜಿಯನ್ನು ತಿರಸ್ಕರಿಸಿದರೆ ಪಕ್ಕದ ಕೋಣೆಗೂ ಗೊತ್ತಾಗುವುದಿಲ್ಲ. ನಡುರಾತ್ರಿ ಮೊಬೈಲಿಗೆ ಒಂದು ಇ-ಮೇಲ್ ಬರುತ್ತದೆ. ಅರ್ಹರು ಬಹಳ ಮಂದಿ ಇದ್ದರು, ಸೀಟು ಕಡಿಮೆ ಇತ್ತು, ವಿಷಾದಿಸುತ್ತೇವೆ ಎಂಬ ಅರ್ಥದ ನಾಲ್ಕು ಸಾಲು. ಓದಿದವಳು ಮೊಬೈಲನ್ನು ದಿಂಬಿನಡಿ ಇಟ್ಟು ಮಲಗುತ್ತಾಳೆ. ಬೆಳಿಗ್ಗೆ ಎದ್ದು ಎಂದಿನಂತೆ ಚಹಾ ಮಾಡುತ್ತಾಳೆ. ಉಮ್ಮ ಕೇಳಿದರೆ ‘ಇನ್ನೂ ಬಂದಿಲ್ಲ’ ಎನ್ನುತ್ತಾಳೆ.

ನನ್ನ ಒಬ್ಬಳು ವಿದ್ಯಾರ್ಥಿನಿ ಹೀಗೆ ಎರಡು ತಿಂಗಳು ‘ಇನ್ನೂ ಬಂದಿಲ್ಲ’ ಎಂದು ದಿನ ತಳ್ಳಿದಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ನಮ್ಮ ಕರಾವಳಿಯ ಅಳಿವೆಯೊಂದರ ಕಾಂಡ್ಲಾ ಗಿಡಗಳ ಬಗ್ಗೆ ಅವಳ ಅಧ್ಯಯನ. ಎರಡು ಮಳೆಗಾಲ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೀರಿನ ಉಪ್ಪಿನಂಶ ಅಳೆದು ಬರೆದಿಟ್ಟವಳು. ಅಮೆರಿಕದ ಆರು ವಿಶ್ವವಿದ್ಯಾಲಯಗಳಿಗೆ ಪಿಎಚ್‌ಡಿಗಾಗಿ ಡಿಸೆಂಬರಿನಲ್ಲಿ ಅರ್ಜಿ ಹಾಕಿದಳು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂದೊಂದಾಗಿ ಉತ್ತರ ಬಂತು. ಆರಕ್ಕೆ ಆರೂ ‘ಇಲ್ಲ’.

ವಿಷಯ ಮನೆಯಲ್ಲಿ ಗೊತ್ತಾದ ಮೇಲೆ ನಾನೇ ಅವಳ ತಂದೆಗೆ ಫೋನ್ ಮಾಡಿದೆ. ಇಪ್ಪತ್ತು ವರ್ಷಗಳಿಂದ ಜುಬೈಲಿನಲ್ಲಿ ದುಡಿಯುತ್ತಿರುವ ಸಜ್ಜನ ಅವರು. ಸಂಬಂಧಿಕರ ಮಾತಿಗೆ ಕಿವಿಗೊಡದೆ ಮಗಳನ್ನು ಎಂ.ಎಸ್ಸಿ.ವರೆಗೆ ಓದಿಸಿದವರು. ‘ಬರುವ ವರ್ಷ ಇನ್ನೊಮ್ಮೆ ಹಾಕಲಿ’ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: ‘ಮಾಸ್ಟ್ರೇ, ಒಂದು ಸಲ ಅವಕಾಶ ಕೊಟ್ಟಾಯಿತಲ್ಲ!’

ನಾಲ್ಕು ತಿಂಗಳಲ್ಲಿ ನಿಶ್ಚಿತಾರ್ಥವಾಯಿತು. ಮದುವೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಆ ‘ಒಂದು ಸಲ’ದ ಬಗ್ಗೆ. ಅದೇ ಮನೆಯ ಮಗ ಎಂಜಿನಿಯರಿಂಗಿನ ಗಣಿತವನ್ನು ಪಾಸು ಮಾಡಿದ್ದು ನಾಲ್ಕನೇ ಸಲಕ್ಕೆ. ಅವನಿಗೆ ಅವಕಾಶವನ್ನು ಯಾರೂ ಎಣಿಸಿ ಕೊಟ್ಟಿರಲಿಲ್ಲ. ಶುಲ್ಕ ಕಟ್ಟುವಾಗಲೆಲ್ಲ ‘ಗಂಡು ಹುಡುಗ, ದಾರಿಗೆ ಬರುತ್ತಾನೆ’ ಎಂಬ ಸಮಾಧಾನವಿತ್ತು. ಮಗಳ ವಿಷಯದಲ್ಲಿ ಮಾತ್ರ ಸಾವಿರಾರು ಮೈಲು ದೂರದಲ್ಲಿ ಕುಳಿತ, ಅವಳ ಮುಖವನ್ನೇ ನೋಡದ ಒಂದು ಸಮಿತಿಯ ಮಾತು ಅಂತಿಮ ತೀರ್ಪಾಯಿತು. ಮಗಳಿಗೆ ಬಂದ ತಿರಸ್ಕಾರ ಪತ್ರ ನಮ್ಮ ಅನೇಕ ಮನೆಗಳಲ್ಲಿ ಮದುವೆ ಆಮಂತ್ರಣದ ಕರಡು ಪ್ರತಿಯಾಗುತ್ತಿದೆ. ಪತ್ರ ಕಳಿಸಿದ್ದು ಅಮೆರಿಕ, ಬಾಗಿಲು ಮುಚ್ಚಿದ್ದು ನಾವು.

ಅಷ್ಟಕ್ಕೂ ಆ ಪತ್ರ ಏನು ಹೇಳುತ್ತದೆ? ಹುಡುಗಿ ದಡ್ಡಿ ಎಂದು ಹೇಳುತ್ತದೆಯೇ? ಖಂಡಿತ ಇಲ್ಲ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಶುಲ್ಕವೂ ಖರ್ಚಿನ ಹಣವೂ ವಿಭಾಗದಿಂದ ಅಥವಾ ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದ ಸಿಗಬೇಕು. ಆದ್ದರಿಂದ ಎಷ್ಟು ಮಂದಿ ಜಾಣರಿದ್ದಾರೆ ಎಂಬುದಕ್ಕಿಂತ ಎಷ್ಟು ಮಂದಿಗೆ ಹಣವಿದೆ ಎಂಬುದೇ ಸೀಟುಗಳನ್ನು ನಿರ್ಧರಿಸುತ್ತದೆ. ಆ ವಿಷಯದಲ್ಲಿ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರು ಆ ವರ್ಷ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲವಾದರೆ ಎಂಥ ಅರ್ಜಿಯೂ ಹಿಂದಿರುಗುತ್ತದೆ. 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಸಂಶೋಧನಾ ಅನುದಾನಕ್ಕೆ ಕತ್ತರಿ ಹಾಕಿದಾಗ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನು ಕಡಿಮೆ ಮಾಡಿದವು. ಕೊಟ್ಟ ಪ್ರವೇಶವನ್ನೇ ಹಿಂತೆಗೆದುಕೊಂಡ ಉದಾಹರಣೆಯೂ ಇದೆ. ಆ ವರ್ಷ ಬಾಗಿಲಿನಿಂದ ಹಿಂದಿರುಗಿದವರೆಲ್ಲ ಒಂದೇ ವರ್ಷದಲ್ಲಿ ದಡ್ಡರಾಗಿಬಿಟ್ಟರೇ? ಹಾರ್ವರ್ಡಿನ ಪದವಿ ತರಗತಿಗೆ ಅರ್ಜಿ ಹಾಕುವ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅವರಲ್ಲಿ ತಮ್ಮ ತಮ್ಮ ಶಾಲೆಗೆ ಮೊದಲಿಗರಾದವರೂ ಅನೇಕರು. ಅವರ್ಯಾರೂ ಮೊಬೈಲನ್ನು ದಿಂಬಿನಡಿ ಬಚ್ಚಿಡಬೇಕಾಗಿಲ್ಲ.

ವೀಸಾ ತಿರಸ್ಕಾರ ಬೇರೆಯೇ ವಿಷಯ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ, ಓದು ಮುಗಿದ ಮೇಲೆ ತಾಯ್ನಾಡಿಗೆ ಮರಳುತ್ತೇನೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದ್ದೇ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ತೋರಿಸಬೇಕಾದ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. 27ನೇ ದಿನ ತೆಗೆದರೂ ಅರ್ಜಿ ಬೀಳಬಹುದು. ಇಲ್ಲಿ ಸೋಲುವುದು ಕಾಗದಪತ್ರ, ಪ್ರತಿಭೆಯಲ್ಲ. ನಮ್ಮ ಊರಿನ ಕಟ್ಟೆಯ ಮೇಲೆ ಮಾತ್ರ ಎರಡಕ್ಕೂ ಒಂದೇ ಮಾತು: ‘ರಿಜೆಕ್ಟ್ ಆಯಿತಂತೆ.’

ಈಗ ಆರೋಪಿಗಳ ಪಟ್ಟಿ ಮಾಡೋಣ. ಮೊದಲ ಹೆಸರು ನನ್ನದೇ. ಆ ಹುಡುಗಿಗೆ ಶಿಫಾರಸು ಪತ್ರ ಬರೆದವರಲ್ಲಿ ನಾನೂ ಒಬ್ಬ. ಈಗ ತೆಗೆದು ಓದಿದರೆ ನಾಚಿಕೆಯಾಗುತ್ತದೆ. ‘ವಿನಯಶೀಲೆ, ಶಿಸ್ತಿನ ವಿದ್ಯಾರ್ಥಿನಿ, ಹಿರಿಯರಲ್ಲಿ ಗೌರವವುಳ್ಳವಳು, ತರಗತಿಗೆ ತಪ್ಪದೆ ಹಾಜರಾಗುತ್ತಿದ್ದಳು.’ ಇದು ವಿಜ್ಞಾನಿಯ ವರ್ಣನೆಯೋ, ವಧುವಿನ ವರ್ಣನೆಯೋ? ಅವಳು ಕೆಸರಿನಲ್ಲಿ ನಿಂತದ್ದು, ಉಪ್ಪಿನ ಲೆಕ್ಕ, ನನ್ನ ಒಂದು ಅಂದಾಜು ತಪ್ಪೆಂದು ಅಂಕಿಅಂಶ ಸಹಿತ ತೋರಿಸಿಕೊಟ್ಟದ್ದು ಯಾವುದೂ ಅದರಲ್ಲಿಲ್ಲ. ಆ ಸಮಿತಿಗೆ ಬೇಕಾಗಿದ್ದದ್ದು ಅದೊಂದೇ. ಅದೇ ವರ್ಷ ಇನ್ನೂ ಹನ್ನೊಂದು ವಿದ್ಯಾರ್ಥಿಗಳಿಗೆ ಅದೇ ಪತ್ರವನ್ನು ಹೆಸರು ಬದಲಿಸಿ ಕೊಟ್ಟಿದ್ದೆ. ನಮ್ಮ ಕಾಲೇಜುಗಳಲ್ಲಿ ಇದನ್ನು ತಪ್ಪೆಂದು ತಿಳಿದವರು ಕಡಿಮೆ. ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎನ್ನುವವರೂ ಇದ್ದಾರೆ. ಮೇಷ್ಟ್ರ ಸೋಮಾರಿತನಕ್ಕೆ ಶಿಷ್ಯೆ ದಂಡ ತೆತ್ತಳು.

ಎರಡನೆಯವರು ಕನ್ಸಲ್ಟೆನ್ಸಿಗಳು. ಮಂಗಳೂರು, ಬೆಂಗಳೂರು ಬಿಡಿ, ತಾಲೂಕು ಕೇಂದ್ರಗಳಲ್ಲೂ ವಿದೇಶಿ ಬಾವುಟಗಳ ಫಲಕ ಕಾಣುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳ ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ಕರೆತಂದ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಕಮಿಷನ್ ಕೊಡುವ ಕಡೆಗೇ ನಿಮ್ಮ ಮಗುವಿನ ಪ್ರತಿಭೆ ಹರಿಯುತ್ತದೆ. ಬಹುಪಾಲು ಬೋಧನಾ ಶುಲ್ಕವಿಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದ ಬಗ್ಗೆ, ವಿದ್ಯಾರ್ಥಿವೇತನ ಸಹಿತ ಸಿಗುವ ಪಿಎಚ್‌ಡಿ ಬಗ್ಗೆ ಹೇಳಿದರೆ ಏಜೆಂಟನಿಗೆ ಸಿಗುವುದೇನು? ಉದ್ದೇಶ ಪತ್ರವನ್ನೂ ಅವರೇ ಬರೆದುಕೊಡುತ್ತಾರೆ, ಬಾಲ್ಯದಿಂದಲೇ ವಿಜ್ಞಾನದಲ್ಲಿ ಆಸಕ್ತಿ ಎಂದು ಶುರುವಾಗುವ ಅದೇ ಪತ್ರ. ಬ್ರಿಟನ್ನಿನ ಪದವಿ ತರಗತಿಗಳ ಅರ್ಜಿ ಸ್ವೀಕರಿಸುವ ಯುಕಾಸ್ ಸಂಸ್ಥೆ ಇಂಥ ನಕಲು ಪತ್ತೆಹಚ್ಚಲೆಂದೇ ವ್ಯವಸ್ಥೆ ಇಟ್ಟುಕೊಂಡಿದೆ. 2023ರಲ್ಲಿ ಕೆನಡಾದಲ್ಲಿ ಪಂಜಾಬಿನ ವಿದ್ಯಾರ್ಥಿಗಳು ಗಡೀಪಾರಿನ ಅಂಚಿಗೆ ಬಂದದ್ದು ಏಜೆಂಟ್ ಕೊಟ್ಟ ನಕಲಿ ಪ್ರವೇಶ ಪತ್ರಗಳಿಂದ. ತಿರಸ್ಕಾರಕ್ಕೆ ಹೆದರುವ ಸಮಾಜದಲ್ಲಿ ‘ಗ್ಯಾರಂಟಿ ಅಡ್ಮಿಷನ್’ ಎಂಬ ಫಲಕ ಚೆನ್ನಾಗಿ ಮಾರಾಟವಾಗುತ್ತದೆ. ಅವರ ಬಂಡವಾಳ ನಮ್ಮ ನಾಚಿಕೆ.

ಮೂರನೆಯವರು ಸನ್ಮಾನ ಪ್ರಿಯರಾದ ನಾವೆಲ್ಲರೂ. ಒಬ್ಬ ಹುಡುಗನಿಗೆ ಲಂಡನ್ನಿನಲ್ಲಿ ಸೀಟು ಸಿಕ್ಕಿತೆಂದರೆ ಜಮಾಅತಿನವರು ಶಾಲು ಹೊದಿಸುತ್ತಾರೆ, ಸಂಘದವರು ಸ್ಮರಣಿಕೆ ಕೊಡುತ್ತಾರೆ, ಬ್ಯಾನರು ಕಟ್ಟುತ್ತಾರೆ. ಆ ಹುಡುಗನೂ ನಾಲ್ಕು ಕಡೆ ತಿರಸ್ಕೃತನಾಗಿ ಐದನೆಯ ಕಡೆ ಆಯ್ಕೆಯಾದವನಿರಬಹುದು. ವೇದಿಕೆಯ ಮೇಲೆ ಆ ನಾಲ್ಕರ ಮಾತು ಬರುವುದಿಲ್ಲ. ಕೆಳಗೆ ಕುಳಿತ ಮಕ್ಕಳು ತಿಳಿಯುವುದೇನು? ಯೋಗ್ಯತೆ ಇದ್ದವರಿಗೆ ಮೊದಲ ಸಲವೇ ಸಿಗುತ್ತದೆ, ಸಿಗದವರಿಗೆ ಯೋಗ್ಯತೆ ಇಲ್ಲ. ಒಂದೇ ಒಂದು ಸನ್ಮಾನ ಸಭೆಯಲ್ಲಿ ಆ ಹುಡುಗ ತನ್ನ ನಾಲ್ಕು ತಿರಸ್ಕಾರ ಪತ್ರಗಳನ್ನು ಓದಿ ಹೇಳಿದ್ದರೆ ನಮ್ಮ ಎಷ್ಟೋ ಮಕ್ಕಳು ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದರು.

ಇನ್ನು ‘ತಕ್ದೀರ್’ ಎಂಬ ಮಾತು. ಮಗ ಗೆದ್ದಾಗ ಅದು ನಮ್ಮ ಪರಿಶ್ರಮ, ಮಗಳು ಸೋತಾಗ ಅದು ವಿಧಿ! ಒಂಟೆಯನ್ನು ಕಟ್ಟಿಹಾಕಿದ ಮೇಲೆ ದೇವರ ಮೇಲೆ ಭರವಸೆ ಇಡಬೇಕು ಎಂಬ ಪಾಠವನ್ನು ಪ್ರವಚನಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ? ಎರಡನೆಯ ಅರ್ಜಿ ಹಾಕುವುದೂ ಒಂಟೆಯನ್ನು ಕಟ್ಟುವ ಕೆಲಸವೇ. ವಿಧಿಯ ಹೆಸರು ಹೇಳಿ ಪ್ರಯತ್ನವನ್ನು ನಿಲ್ಲಿಸುವುದು ನಂಬಿಕೆಯಲ್ಲ, ಆಲಸ್ಯ.

ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೋಗುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಚರ್ಚಿಸೋಣ. ಮನೆಯವರೊಡನೆ, ವಿದ್ವಾಂಸರೊಡನೆ, ಮುಖ್ಯವಾಗಿ ಅವಳೊಡನೆಯೇ ಚರ್ಚಿಸೋಣ. ಆದರೆ ಆ ಚರ್ಚೆ ಅರ್ಜಿ ಹಾಕುವ ಮೊದಲು ಆಗಬೇಕು. ಒಪ್ಪಿಗೆ ಕೊಟ್ಟು, ಹಣ ಕೊಟ್ಟು, ಅರ್ಜಿ ತಿರಸ್ಕೃತವಾದ ಕೂಡಲೇ ‘ನೋಡು, ನಾವು ಮೊದಲೇ ಹೇಳಿದ್ದೆವು’ ಎನ್ನುವುದು ಚರ್ಚೆಯಲ್ಲ, ಬಿದ್ದವರ ಮೇಲೆ ಕಲ್ಲು ಹಾಕುವುದು. ವಿದೇಶವೇ ಏಕೆ, ಇಲ್ಲಿ ಸಂಶೋಧನೆ ಆಗುವುದಿಲ್ಲವೇ ಎಂಬ ಪ್ರಶ್ನೆಯೂ ನ್ಯಾಯವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಕಡಲಿನ ಅಧ್ಯಯನಕ್ಕೆ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಖಂಡಿತ ಅಲ್ಲಿಗೂ ಅರ್ಜಿ ಹಾಕಲಿ. ಆದರೆ ಈ ಪ್ರಶ್ನೆ ಕೇಳುವವರಲ್ಲಿ ಎಷ್ಟು ಮಂದಿ ಮಗಳನ್ನು ಗೋವಾಕ್ಕೆ ಕಳಿಸಲು ಸಿದ್ಧರಿದ್ದಾರೆ?

ಸರ್ಕಾರವನ್ನೂ ಪಟ್ಟಿಯಿಂದ ಬಿಡುವಂತಿಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ಪಡೆದ ಸಾಲದ ಬಡ್ಡಿಗೆ ಕೇಂದ್ರ ಸರ್ಕಾರ ‘ಪಢೋ ಪರ್‌ದೇಶ್’ ಯೋಜನೆಯಡಿ ನೆರವು ಕೊಡುತ್ತಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಯಿತು. ಅದೇ ವರ್ಷ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ನಿಂತಿತು. ವಿದೇಶಕ್ಕೆ ಹೋಗಲಾಗದವರು ಇಲ್ಲಿಯೇ ಸಂಶೋಧನೆ ಮಾಡಲು ಇದ್ದ ಒಂದು ಆಸರೆಯೂ ಹೋಯಿತು. ಇರುವ ಸಾಲ, ವಿದ್ಯಾರ್ಥಿವೇತನಗಳೂ ಪ್ರವೇಶ ಸಿಕ್ಕಿದ ಮೇಲಿನ ಮಾತು. ಪ್ರವೇಶ ಸಿಗುವ ಮೊದಲಿನ ಖರ್ಚನ್ನು ಯಾರು ಕೊಡುತ್ತಾರೆ? ಐಇಎಲ್‌ಟಿಎಸ್ ಪರೀಕ್ಷೆಗೆ ಹದಿನೈದು ಸಾವಿರಕ್ಕೂ ಮೇಲೆ. ಅಮೆರಿಕದ ಒಂದೊಂದು ಅರ್ಜಿಗೆ ನೂರು ಡಾಲರಿನ ಆಸುಪಾಸು. ಐದು ಕಡೆ ಹಾಕಿದರೆ ನಲವತ್ತು ಸಾವಿರ ಅಲ್ಲಿಗೇ ಆಯಿತು. ಸಿಗದಿದ್ದರೆ ಅದರಲ್ಲಿ ಒಂದು ಪೈಸೆಯೂ ವಾಪಸು ಬರುವುದಿಲ್ಲ. ಜುಬೈಲಿನ ಆ ತಂದೆಯ ‘ಒಂದು ಸಲ’ದ ಹಿಂದೆ ಈ ಲೆಕ್ಕವೂ ಇತ್ತು ಎಂಬುದನ್ನು ನಾನು ತಡವಾಗಿ ಅರ್ಥ ಮಾಡಿಕೊಂಡೆ.

ಎರಡನೆಯ ಅವಕಾಶ ಎಂಬುದು ಬರೀ ಛಲದ ಮಾತಲ್ಲ. ಅಂಬೇಡ್ಕರರನ್ನು ನೋಡಿ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಬೊಂಬಾಯಿಯಲ್ಲಿ ಪಾಠ ಹೇಳಿ ಕೂಡಿಟ್ಟ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು ಇವುಗಳಿಂದ 1920ರಲ್ಲಿ ಪುನಃ ಲಂಡನ್ನಿಗೆ ಹೋದರು. ಅವರ ಪ್ರಬಂಧವನ್ನೂ ಪರೀಕ್ಷಕರು ತಿದ್ದಲೆಂದು ಹಿಂದಿರುಗಿಸಿದರು. ತಿದ್ದಿ ಕೊಟ್ಟು 1923ರಲ್ಲಿ ಡಾಕ್ಟರೇಟ್ ಪಡೆದರು. ಅವರ ಛಲವನ್ನು ನಾವು ಭಾಷಣಗಳಲ್ಲಿ ಹೊಗಳುತ್ತೇವೆ. ಎರಡನೆಯ ಸಲ ನೆರವು ಕೊಟ್ಟವರಿದ್ದರು ಎಂಬುದನ್ನು ಮರೆಯುತ್ತೇವೆ. ‘ಒಂದು ಸಲ ಕೊಟ್ಟಾಯಿತಲ್ಲ’ ಎಂದು ಶಾಹು ಮಹಾರಾಜರು ಹೇಳಲಿಲ್ಲ.

ಹಾಗಾದರೆ ಏನು ಮಾಡಬೇಕು? ಸನ್ಮಾನಕ್ಕೆ ಖರ್ಚು ಮಾಡುವ ಹಣದ ಅರ್ಧವನ್ನು ಪ್ರತಿ ಜಮಾಅತ್, ಪ್ರತಿ ಸಂಘ ಎರಡನೆಯ ಅರ್ಜಿಯ ನಿಧಿಯಾಗಿ ತೆಗೆದಿಡಲಿ. ಮೊದಲ ಸಲ ತಿರಸ್ಕೃತರಾದವರಿಗೆ ಮಾತ್ರ ಆ ಹಣ. ಖರ್ಚು ಕಡಿಮೆ ಮಾಡುವ ದಾರಿಗಳೂ ಇವೆ. ಕೇಳಿಕೊಂಡರೆ ಅರ್ಜಿ ಶುಲ್ಕ ಮನ್ನಾ ಮಾಡುವ ಅಮೆರಿಕದ ವಿಶ್ವವಿದ್ಯಾಲಯಗಳು ಅನೇಕ. ಜಿಆರ್‌ಇ ಪರೀಕ್ಷೆಯನ್ನು ಕೈಬಿಟ್ಟ ವಿಭಾಗಗಳೂ ಅನೇಕ. ಚೀವ್ನಿಂಗ್, ಕಾಮನ್‌ವೆಲ್ತ್, ಜರ್ಮನಿಯ ಡಿಎಎಡಿ ವಿದ್ಯಾರ್ಥಿವೇತನಗಳಿವೆ. ಕನ್ಸಲ್ಟೆನ್ಸಿಯವರು ಹೇಳದ ಈ ಮಾಹಿತಿಯನ್ನು ಭಾನುವಾರ ಮದ್ರಸದ ಸಭಾಂಗಣದಲ್ಲಿ ಕುಳಿತು ಹೇಳಬಲ್ಲ, ವಿದೇಶದಲ್ಲಿ ಓದಿ ಬಂದ ನಾಲ್ಕು ಮಂದಿ ಈಗ ಪ್ರತಿ ತಾಲೂಕಿನಲ್ಲೂ ಸಿಗುತ್ತಾರೆ. ಅವರು ಶಾಲು ಹೊದೆಯಲು ಬಂದರೆ ಸಾಲದು, ಅರ್ಜಿ ತಿದ್ದಲು ಬರಲಿ. ಅಧ್ಯಾಪಕರಾದ ನಾವು ಒಬ್ಬೊಬ್ಬರಿಗೂ ಒಂದೊಂದು ಪತ್ರ ಬರೆಯೋಣ, ಅದರಲ್ಲಿ ವಿನಯದ ಬದಲು ಕೆಲಸದ ಬಗ್ಗೆ ಬರೆಯೋಣ.

ಮನೆಯವರಲ್ಲಿ ಒಂದೇ ವಿನಂತಿ. ಪತ್ರ ಬಂದ ದಿನ ‘ಏನಾಯಿತು’ ಎಂದು ಹತ್ತು ಮಂದಿಯ ಮುಂದೆ ಕೇಳಬೇಡಿ. ನಾಲ್ಕು ದಿನ ಬಿಡಿ, ಅಳಲು ಬಿಡಿ. ಆಮೇಲೆ ಹತ್ತಿರ ಕುಳಿತು, ಬರುವ ಡಿಸೆಂಬರಿಗೆ ಎಷ್ಟು ಕಡೆ ಹಾಕುತ್ತೀ, ಎಷ್ಟು ಹಣ ಬೇಕು ಎಂದು ಕೇಳಿ. ಬೇಡ, ಸಾಕು ಎಂದು ಅವಳೇ ಹೇಳಿದರೆ ಸರಿ. ಆ ಮಾತು ಅವಳ ಬಾಯಿಂದ ಬರಲಿ.

ಆ ನನ್ನ ವಿದ್ಯಾರ್ಥಿನಿಗೆ ಈಗ ಎರಡು ವರ್ಷದ ಮಗುವಿದೆ. ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಿದಳು. ಆ ಅಳಿವೆಯ ದಂಡೆಯಲ್ಲಿ ಕಾಂಡ್ಲಾ ಕಡಿದು ಮಣ್ಣು ತುಂಬಿಸುತ್ತಿದ್ದಾರಂತೆ. ‘ನಾನು ಅಳೆದಿಟ್ಟ ಲೆಕ್ಕ ನನ್ನ ಹತ್ತಿರವೇ ಇದೆ ಸರ್, ಯಾರಿಗಾದರೂ ಬೇಕಾದರೆ ಕೊಡುತ್ತೇನೆ’ ಎಂದಳು. ಯಾರಿಗಾದರೂ ಏಕೆ, ನೀನೇ ಏಕಲ್ಲ ಎಂದು ಕೇಳುವ ಧೈರ್ಯ ನನಗೆ ಅಲ್ಲಿ ಬರಲಿಲ್ಲ. ಅದನ್ನು ಇಲ್ಲಿ ಕೇಳುತ್ತಿದ್ದೇನೆ. ಅವಳನ್ನಲ್ಲ, ನಮ್ಮನ್ನು.