ಹಣೆಯ ಮೇಲೆ ವಿಭೂತಿ, ಮನದೊಳಗೆ ಹಣೆಬರಹ

ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸುವ ನಾವು ಅದೇ ಅಂಗೈಯ ಗೆರೆ ತೋರಿಸಲು ಜ್ಯೋತಿಷಿಯ ಮನೆಗೆ ಹೋಗುವುದೇಕೆ? ಬೈಲಹೊಂಗಲದ ಸಂತೆಯಲ್ಲಿ, ರಾಮದುರ್ಗದ ನೇಕಾರರ ಓಣಿಯಲ್ಲಿ ಕೇಳುವ ಮಾತು ಒಂದೇ: "ನಮ್ಮ ಹಣ್ಯಾಗ ಬರದಿಲ್ಲ ಬಿಡ್ರಿ." ಗಣಿತದಲ್ಲಿ ನಪಾಸಾದ ಮಗನಿಗೂ ಇದೇ ಉತ್ತರ, ಕಾಲೇಜು ಕೇಳಿದ ಮಗಳಿಗೂ ಇದೇ ಉತ್ತರ. ಇದು ವಿನಯವಲ್ಲ. ಶರಣರು ಹೊರಹಾಕಿದ ಮೌಢ್ಯವೇ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಚನ್ನಮ್ಮ "ನಾವು ಸಣ್ಣವರು" ಎಂದು ಕುಳಿತಿದ್ದರೆ ಥ್ಯಾಕರೆ ಬೀಳುತ್ತಿರಲಿಲ್ಲ. ಸವದತ್ತಿ ಸೀಮೆಯ ಶಿರಸಂಗಿ ಲಿಂಗರಾಜ ದೇಸಾಯರು "ಓದು ನಮ್ಮವರಿಗೆ ಹತ್ತದು" ಎನ್ನಲಿಲ್ಲ. ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಉತ್ಸವದಲ್ಲಿ ರಾಣಿಗೆ ಜೈಕಾರ ಹಾಕಿ, ಮರುದಿನ ಮಗಳ ಓದು ಬಿಡಿಸುವುದು ಯಾವ ಭಕ್ತಿ?

ಬಡತನ ನಿಜ, ಫೀ ಕಟ್ಟುವ ಕಷ್ಟವೂ ನಿಜ. ಅದಕ್ಕೆ ದಾಸೋಹವಿದೆ, ಮಠಗಳ ಪ್ರಸಾದನಿಲಯಗಳಿವೆ. "ನನ್ನಿಂದಾಗದು" ಎಂಬುದಕ್ಕೆ ಮಾತ್ರ ಯಾವ ಮಠವೂ ಅನ್ನ ಹಾಕಲಾರದು. ಅದನ್ನು ನಾವೇ ಬಿಡಬೇಕು.

ಗುರಿಯಿಟ್ಟು ನಿತ್ಯ ದುಡಿಯುವುದೂ ಕಾಯಕವೇ. ನಪಾಸಾದ ಮಗನನ್ನು ಮತ್ತೆ ಪರೀಕ್ಷೆಗೆ ಕೂಡ್ರಿಸಿರಿ. ಮಗಳ ಅರ್ಜಿಗೆ ಇಂದೇ ಸಹಿ ಹಾಕಿರಿ. ಪಂಚಾಂಗ ನೋಡಬೇಡಿರಿ.